ಒಳಗೆ ಬಿಟ್ಟ ಬಟ್ಟೆ

ಪೆನ್ಷನ್ ಮೊಹಲ್ಲಾದ ನನ್ನ ಅಂಗಡಿಗೆ ಬಾಗಿಲಿಲ್ಲ, ಷಟರ್ ಇದೆ.
ಅರ್ಧ ಎತ್ತಿದ್ದರೆ ನಾನಿದ್ದೇನೆ ಎಂದು,
ಪೂರ್ತಿ ಎತ್ತಿದ್ದರೆ ಕರೆಂಟೂ ಇದೆ ಎಂದು
ಹಾಸನದ ಅರ್ಧ ಹೆಂಗಸರಿಗೆ ಗೊತ್ತು.
ಅವರ ಭುಜ ನನಗೆ ಗೊತ್ತು.

ಅಳತೆ ಪುಸ್ತಕದಲ್ಲಿ ಮುಖಗಳಿಲ್ಲ.
ಹದಿನಾಲ್ಕು, ಹದಿನಾಲ್ಕೂವರೆ, ತೋಳು ಒಂಬತ್ತು,
ಪಕ್ಕದಲ್ಲಿ ನನಗೆ ಮಾತ್ರ ತಿಳಿಯುವ ಒಂದು ಗೆರೆ:
ಕತ್ತಿನಿಂದ ಭುಜದ ತುದಿಗೆ ಎಷ್ಟು ಇಳಿಜಾರು.
ಬಲಗಡೆಗೇ ಬ್ಯಾಗು ಹಾಕುವ ಟೀಚರಮ್ಮನದು ಒಂದು ಥರ.
ಬಾಣಂತಿಯದು ಮೂರು ತಿಂಗಳು
ಯಾವ ಲೆಕ್ಕಕ್ಕೂ ಸಿಕ್ಕುವುದಿಲ್ಲ.

ಸೊಸೈಟಿ ಬ್ಯಾಂಕಿನ ಪ್ರಫುಲ್ಲ ಮೇಡಂದು
ಮೊದಲ ಸಲ ಬರೆದಾಗ ಒಂದು ಇಂಚು.
ಮರುವರ್ಷ ಮುಕ್ಕಾಲು. ಆಮೇಲೆ ಅರ್ಧ.
ಭುಜ ಕಿವಿಯ ಕಡೆಗೆ ಹತ್ತುತ್ತಿತ್ತು,
ಹಾಲು ಉಕ್ಕಿದ ಹಾಗಲ್ಲ, ನಿಧಾನ,
ಗೋಡೆಗೆ ತೇವ ಏರಿದ ಹಾಗೆ.
"ಕ್ಯಾಶ್ ಕೌಂಟರು ನೋಡು, ಬಗ್ಗಿ ಎಣಿಸಿ ಎಣಿಸಿ" ಅನ್ನುತ್ತಿದ್ದರು.
ನಾನೂ ಹೂಂ ಅನ್ನುತ್ತಿದ್ದೆ,
ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು.
ರಸ್ತೆಯಲ್ಲಿ ಬುಲೆಟ್ ಗಾಡಿ ಹೋದರೆ ಮಾತ್ರ
ಟೇಪಿನ ಕೆಳಗೆ ಆ ಮಾಂಸ ಎದ್ದು ನಿಲ್ಲುತ್ತಿತ್ತು.
ಅವರ ಮನೆಯವರದೂ ಬುಲೆಟ್ಟೇ.
ಟೇಪು ಹೇಳಿದ್ದನ್ನೆಲ್ಲ ಬರೆಯಬಾರದು.

ಈ ಸಲ ವರಮಹಾಲಕ್ಷ್ಮಿಗೆ ಮುಂಚೆ
ಹಸಿರು ಬ್ಲೌಸು ಹಿಡಿದು ಬಂದರು.
"ಜಾರುತ್ತೆ ಮೈಮೂನಾ, ನೀನೇ ಹೊಲಿದದ್ದು."
ಮೂವತ್ತು ವರ್ಷದಲ್ಲಿ ನಾನು ಹೊಲಿದ ಭುಜ ಜಾರಿದ್ದಿಲ್ಲ.
ಸಿಟ್ಟಿಗೇ ಟೇಪು ಹಾಕಿದೆ.
ಒಂದೂಕಾಲು ಇಂಚು.
ಮತ್ತೆ ಹಾಕಿದೆ. ಒಂದೂಕಾಲೇ.

ನಕ್ಕರು. ಬಿ.ಎಂ. ರಸ್ತೆಯಲ್ಲಿ ಹೊಸ ಸ್ಕಿನ್ ಕ್ಲಿನಿಕ್ಕಂತೆ,
ಎರಡೂ ಕಡೆ ಐದೈದು ಚುಚ್ಚು,
ಮೊದಲು ಪೆನ್ನಿನಲ್ಲಿ ಚುಕ್ಕಿ ಇಡುತ್ತಾರಂತೆ,
"ನೀನು ಚಾಕ್‌ಪೀಸಿನಲ್ಲಿ ಇಡುತ್ತೀಯಲ್ಲ, ಹಾಗೇ."
ಹದಿನೈದು ದಿನಕ್ಕೆ ಗಂಟು ಸಡಿಲ,
ಎರಡು ತಿಂಗಳಿಗೆ ಕತ್ತು ಉದ್ದ.
ಎಷ್ಟು ಅಂದೆ. ಹೇಳಿದರು.
ನೂರಾ ಹತ್ತು ಬ್ಲೌಸು, ಲೈನಿಂಗ್ ಬಿಟ್ಟು,
ಅಂತ ನನ್ನ ತಲೆ ತಾನೇ ಲೆಕ್ಕ ಹಾಕಿತು.
"ನೋವು ಹೋಯಿತಾ?"
"ಹೋಯಿತು ಕಣೆ. ಎಷ್ಟೋ ವರ್ಷದ ಮೇಲೆ ಬೆಳಗಿನವರೆಗೆ ಮಲಗಿದೆ."
ಸುಳ್ಳಲ್ಲ. ನಿದ್ದೆ ಕಂಡ ಕಣ್ಣು ಬೇರೆಯೇ ಇರುತ್ತದೆ.

ಅಷ್ಟರಲ್ಲಿ ಒಂದು ಬುಲೆಟ್ಟು
ಮೂಲೆಯಲ್ಲಿ ತಿರುಗಿ, ಷಟರು ನಡುಗಿಸಿ, ಹೋಯಿತು.
ನನ್ನ ಕೈ ಇನ್ನೂ ಅವರ ಭುಜದ ಮೇಲೆ.
ಏಳಲಿಲ್ಲ ಅದು.
ಕಾಗದ ಬಂದದ್ದು, ಮನೆಯಲ್ಲಿ ಯಾರೂ ಇಲ್ಲವೆಂದು
ವಾಪಸು ಹೋದ ಹಾಗೆ.
ಆದರೆ ಕೆಳಗೆ, ಚಪ್ಪಲಿ ಬಿಟ್ಟು ನಿಂತಿದ್ದರಲ್ಲ,
ಕಾಲಿನ ಹತ್ತೂ ಬೆರಳು
ಚೂರು ಬಟ್ಟೆಗಳ ಮೇಲೆ
ಒಳಕ್ಕೆ ಮಡಿಸಿಕೊಂಡವು.
ಅವರಿಗೆ ಗೊತ್ತಾಗಲಿಲ್ಲ.
ನಾನು ಅಳೆಯುವ ಜಾಗ ಅದಲ್ಲ.

"ನಾಲ್ಕೈದು ತಿಂಗಳಿಗೆ ಇಳಿದುಹೋಗುತ್ತೆ, ಮತ್ತೆ ಹಾಕಿಸಬೇಕು.
ನೀನೂ ಹಾಕಿಸಿಕೋ, ನಿನ್ನದು ನೋಡು, ಕಲ್ಲು."
ನನ್ನದು ಬೇರೆ ಮೇಡಂ ಅಂದೆ,
ನನ್ನ ಕತ್ತು ಬಗ್ಗಿದರೆ ನಾಲ್ಕು ಕಾಸು ಬರುತ್ತೆ.

ಹೊಲಿಗೆ ಬಿಚ್ಚಿ ಭುಜ ಹಿಡಿದೆ.
"ಮಿಕ್ಕದ್ದು ಕತ್ತರಿಸಿಬಿಡು, ಒಳಗೆ ಚುಚ್ಚುತ್ತೆ."
ಆಯಿತು ಅಂದೆ. ಕತ್ತರಿಸಲಿಲ್ಲ.
ಮುಕ್ಕಾಲು ಇಂಚನ್ನೂ ಮಡಿಸಿ
ಸಡಿಲ ಟಾಕಾ ಹಾಕಿ ಒಳಗೇ ಬಿಟ್ಟೆ.
ಮೂವತ್ತು ಅಂದರೆ ಇಪ್ಪತ್ತು ಕೊಟ್ಟು ಹೋದರು.

ರಾತ್ರಿ ಪುಸ್ತಕ ತೆಗೆದೆ.
ಅರ್ಧ ಅಂತ ಇದ್ದದ್ದನ್ನು ಹೊಡೆಯಲಿಲ್ಲ,
ಪಕ್ಕದಲ್ಲಿ ಒಂದೂಕಾಲು, ಪೆನ್ಸಿಲಿನಲ್ಲಿ.
ಆಮೇಲೆ ಸುಮ್ಮನೆ, ನನ್ನ ಕತ್ತಿನ ಪಕ್ಕ
ಹೆಬ್ಬೆರಳಿಟ್ಟು ಹುಡುಕಿದೆ,
ಚುಕ್ಕಿ ಎಲ್ಲಿ ಇಡುತ್ತಾರೋ ಎಂದು.
ಮುಟ್ಟಿದಲ್ಲೆಲ್ಲ ಅದೇ ಜಾಗ.
ಟೇಪು ಹಾಕಿ ನೋಡಿದೆ.
ಒಬ್ಬಳೇ ಹಿಡಿದುಕೊಂಡರೆ
ಭುಜದ ಅಳತೆ ಸರಿ ಬರುವುದಿಲ್ಲ,
ಕೈ ಎತ್ತಿದ ಕೂಡಲೇ ಅದೂ ಏಳುತ್ತದೆ.